ಮುಟ್ಟುವ ಮುಂಚೆ ಒಂದು ಪ್ರತಿ

ಕಳೆದ ವಾರ ನನ್ನ ಅಂಗಡಿಯ ಕೌಂಟರಿನ ಮೇಲೆ ಒಂದು ಪುಟ್ಟ ಡಬ್ಬಿ ಬಂದು ಕೂತಿತು. ಕುಂಕುಮ ಹಾಕಿಡುವಂಥ ದುಂಡನೆಯ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದದ್ದೇ ತಡ, ಮಗ್ಗದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಒಳಗಿದ್ದದ್ದು ಒಂದು ಹಳೆಯ ಪೆನ್‌ಡ್ರೈವ್. ಅದರ ತೂತಿಗೆ ಹಸಿರು ರೇಷ್ಮೆ ಎಳೆ ಕಟ್ಟಿತ್ತು. ಗಂಟನ್ನು ಬೆರಳಲ್ಲಿ ಸವರಿ ನೋಡಿದೆ. ಸಾಸಿವೆ ಕಾಳಿಗಿಂತ ಸಣ್ಣದು, ಎಳೆದಷ್ಟೂ ಬಿಗಿಯಾಗುವಂಥದ್ದು. ಅದು ಯಾರ ಕೈಯ ಗಂಟು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ತಂದುಕೊಟ್ಟವರು ನನಗೆ ಕಂಪ್ಯೂಟರ್ ಕೆಲಸ ಕಲಿಸಿದ ಮೇಡಂ ಅವರ ಯಜಮಾನರು. ಮೇಡಂ ತೀರಿಕೊಂಡು ವರ್ಷ ಕಳೆದಿತ್ತು. "ಬೀರು ಕ್ಲೀನ್ ಮಾಡ್ತಿದ್ದೆ, ಸಿಕ್ತು ಕಣಮ್ಮಾ. ನಿಂಗೇ ಕೊಡ್ಬೇಕು ಅಂತ ಆಸ್ಪತ್ರೇಲೇ ಹೇಳಿದ್ಲು. ನಾನೇ ಮರ್ತ್‌ಬಿಟ್ಟಿದ್ದೆ" ಎಂದರು. ಕಾಫಿ ತರಿಸುತ್ತೇನೆ ಅಂದರೂ ನಿಲ್ಲದೆ, ಮಗ್ಗದ ಮೇಲಿನ ಹಾಸು ಮುಗಿಯುವ ಹೊತ್ತಾಯಿತು ಎಂದು ಸ್ಕೂಟರ್ ಹತ್ತಿ ಹೊರಟುಹೋದರು.

ನಾನು ಡಬ್ಬಿಯನ್ನು ಡ್ರಾಯರಿಗೆ ಹಾಕಿ ಮೂರು ದಿನ ಮುಟ್ಟಲಿಲ್ಲ. ಧೈರ್ಯ ಸಾಲಲಿಲ್ಲ ಅಂತಲೇ ಹೇಳಬೇಕು. ಮೇಡಂಗೆ ನನ್ನ ಮೇಲೆ ಮುನಿಸಿದೆಯಾ ಎಂಬ ಪ್ರಶ್ನೆ ಒಂಬತ್ತು ವರ್ಷದಿಂದ ನನ್ನೊಳಗೆ ಕೂತಿತ್ತು. ಕೇಳಿ ತಿಳಿದುಕೊಳ್ಳಬಹುದಾಗಿತ್ತು. ಎರಡು ಬೀದಿ ಆಚೆಗಿದ್ದರು. ಕೇಳಲಿಲ್ಲ.

ಅವರ ಪರಿಚಯವಾದಾಗ ನಾನು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ರಟ್ಟಿನ ಡಬ್ಬಗಳಿಗೆ ಟೇಪ್ ಅಂಟಿಸುವ ಕೆಲಸದಲ್ಲಿದ್ದೆ. ಇಪ್ಪತ್ತೆರಡು ವರ್ಷ, ಬಾಯಿ ಜೋರು, ಎಲ್ಲ ಗೊತ್ತು ಅನ್ನುವ ಗತ್ತು. ಮೊದಲ ಶಿಫ್ಟ್ ಮುಗಿಸಿ ಬಸ್ಸಿಳಿದು, ದೊಡ್ಡಬಳ್ಳಾಪುರದ ನೇಕಾರರ ಬೀದಿಯೊಂದರಲ್ಲಿ ಮಹಡಿ ಮೇಲಿದ್ದ ಅವರ ಕಂಪ್ಯೂಟರ್ ಸೆಂಟರಿಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಕೆಳಗೆ ಅವರ ಯಜಮಾನರ ಮಗ್ಗದ ಶೆಡ್ಡು. ನಾಲ್ಕು ಪವರ್‌ಲೂಮು ಒಟ್ಟಿಗೆ ಹೊಡೆಯುವಾಗ ಮೇಲೆ ನಮ್ಮ ಕುರ್ಚಿಗಳು ಅದುರುತ್ತಿದ್ದವು. ಮೇಡಂ ಮಾತ್ರ ಆ ಸದ್ದಿನ ಮೇಲೆ ಕೂಗುತ್ತಿರಲಿಲ್ಲ. ಮಗ್ಗ ನಿಂತ ಕ್ಷಣ ನೋಡಿ, ಎರಡು ಮಾತಾಡಿ ಸುಮ್ಮನಾಗುತ್ತಿದ್ದರು. ಹಾಗಾಗಿ ಅವರು ಹೇಳಿದ್ದೆಲ್ಲ ಚಿಕ್ಕ ಚಿಕ್ಕ ಮಾತೇ.

ಟೈಪಿಂಗ್ ಮುಗಿಯಿತು, ನಾನು ಹೋಗಲಿಲ್ಲ. ಅವರು ಕೆಟ್ಟ ಕಂಪ್ಯೂಟರ್ ಬಿಚ್ಚುವುದನ್ನು ನೋಡುತ್ತ ನಿಲ್ಲುತ್ತಿದ್ದೆ. ಒಂದು ದಿನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, "ನಿಂತಿದ್ರೆ ಕಾಲು ನೋಯುತ್ತೆ, ಕೂತ್ಕೊಂಡು ಇದನ್ನ ಬಿಚ್ಚು" ಎಂದರು. ಕಾರ್ಖಾನೆ ಬಿಟ್ಟೆ. ಅಮ್ಮ ಒಂದು ತಿಂಗಳು ಮಾತು ಬಿಟ್ಟಳು.

ಆಗ ನಮ್ಮ ಊರಿನ ಸೀರೆಗಳ ಅಂಚು, ಸೆರಗು ಎಲ್ಲ ಕಂಪ್ಯೂಟರಿನಲ್ಲಿ ಬರೆಯುವ ಕಾಲ ಬಂದಾಗಿತ್ತು. ಮುಂಚೆ ಚೌಕಳಿ ಹಾಳೆಯ ಮೇಲೆ ಒಂದೊಂದೇ ಮನೆ ತುಂಬಿ ಡಿಸೈನ್ ಬರೆಯುತ್ತಿದ್ದ ಒಬ್ಬ ತಾತನಿದ್ದರು. ಗ್ರಾಫ್ ತಾತ ಅಂತಲೇ ಎಲ್ಲರೂ ಕರೆಯುತ್ತಿದ್ದದ್ದು. ಅರವತ್ತು ದಾಟಿದ ಮೇಲೆ ಮೇಡಂ ಹತ್ತಿರ ಮೌಸ್ ಹಿಡಿಯುವುದು ಕಲಿತು, ಯಾವುದೋ ಕಂಪನಿಯ ಡಿಸೈನ್ ಸಾಫ್ಟ್‌ವೇರ್ ಹಾಕಿಸಿಕೊಂಡು, ನವಿಲು, ಮಾವು, ಹಂಸ ಎಲ್ಲವನ್ನೂ ಅದರಲ್ಲೇ ಬರೆಯುತ್ತಿದ್ದರು. ಅವರ ಕಂಪ್ಯೂಟರು ಮಾತ್ರ ತಿಂಗಳಿಗೊಮ್ಮೆ ಕೆಟ್ಟು ನಮ್ಮ ಮಹಡಿ ಹತ್ತುತ್ತಿತ್ತು. ಒಮ್ಮೆ ಬಣ್ಣದ ಪಟ್ಟಿ ಮಾಯ, ಒಮ್ಮೆ ಪ್ರಿಂಟರ್ ಮಾಯ, ಒಮ್ಮೆ ಆನ್ ಆಗುವುದೇ ಇಲ್ಲ.

ಮೇಡಂ ಒಂದು ಸಂಜೆ ಅದನ್ನು ಬಿಚ್ಚುವ ಬದಲು ತಾತ ಕೂತು ಬರೆಯುತ್ತಿದ್ದ ಮಗ್ಗದ ಶೆಡ್ಡಿಗೇ ಹೋಗಿ ಕೂತರು. ನಾನೂ ಜೊತೆಗಿದ್ದೆ. ಆರು ಗಂಟೆಗೆ ಮಗ್ಗದವರು ಕೈ ತೊಳೆದುಕೊಂಡು, ಹೊರಡುವ ಮುಂಚೆ ರೂಢಿಯಂತೆ ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಕೆಳಗೆಳೆದು ಕೈ ಮುಗಿದರು. ಮಗ್ಗಗಳು ನಿಂತವು. ಮೂಲೆಯಲ್ಲಿದ್ದ ಕಂಪ್ಯೂಟರೂ ಅವುಗಳ ಜೊತೆಗೇ ಕಣ್ಣು ಮುಚ್ಚಿತು. ದಿನಾ ಹೀಗೇ ನಡೆಯುತ್ತಿತ್ತು. ಮಗ್ಗ ಹಾಗೆ ನಿಲ್ಲಿಸಿದರೆ ಏನೂ ಆಗುವುದಿಲ್ಲ, ನಾಳೆ ಸ್ವಿಚ್ ಹಾಕಿದರೆ ಬಿಟ್ಟಲ್ಲಿಂದಲೇ ಹೊಡೆಯುತ್ತದೆ. ಕಂಪ್ಯೂಟರೂ ಹಾಗೇ ಅಂದುಕೊಂಡಿದ್ದರು, ಪಾಪ.

"ತಾತ, ಮಗ್ಗಕ್ಕೆ ನೆನಪು ಇಲ್ಲ. ಇದಕ್ಕೆ ಇದೆ. ಇದು ಬರೀತಿರುವಾಗ ಕೈ ಹಿಡ್ಕೊಂಡು ಎಳೆದಂಗೆ ಆಗ್ತಿದೆ" ಎಂದರು ಮೇಡಂ. ಮಾರನೇ ದಿನವೇ ಕಂಪ್ಯೂಟರಿಗೆ ಬೇರೆ ಲೈನು, ಒಂದು ಯುಪಿಎಸ್. ಅದು ಬಂದ ಮೇಲೆ ತಾತ ಕೆಟ್ಟ ಕಂಪ್ಯೂಟರ್ ಹೊತ್ತು ಬರುವುದು ನಿಂತಿತು. ಬರೀ ಹರಟೆಗೆ ಬರುವುದು ಶುರುವಾಯಿತು.

ಕಂಪ್ಯೂಟರ್ ತನ್ನ ನೆನಪನ್ನು ಎಲ್ಲಿ ಬರೆಯುತ್ತದೆ ಎಂದು ನಾನು ಕೇಳಿದ್ದಕ್ಕೆ ಅವತ್ತು ಮೊದಲ ಸಲ ರಿಜಿಸ್ಟ್ರಿ ತೆರೆದು ತೋರಿಸಿದರು. ಎಡಗಡೆ ಹಳದಿ ಫೋಲ್ಡರುಗಳ ಸಾಲು. ಒಂದನ್ನು ಒತ್ತಿದರೆ ಅದರೊಳಗೆ ಹತ್ತು, ಆ ಹತ್ತರೊಳಗೆ ನೂರು. ಬಲಗಡೆ ಅರ್ಥವಾಗದ ಅಕ್ಷರ, ಅಂಕಿ. ಪರದೆಯ ಹಿಂದಿನ ಚಿತ್ರದಿಂದ ಹಿಡಿದು ಯಾವ ಫೈಲನ್ನು ಯಾವ ಸಾಫ್ಟ್‌ವೇರ್ ತೆರೆಯಬೇಕು ಅನ್ನುವವರೆಗೆ ವಿಂಡೋಸ್ ಎಲ್ಲವನ್ನೂ ಅಲ್ಲೇ ಬರೆದಿಟ್ಟುಕೊಳ್ಳುತ್ತದೆ.

"ಪ್ರತಿ ಮನೆಗೂ ಒಂದು ರೂಢಿ ಇರುತ್ತಲ್ವಾ? ಯಾರ ತಟ್ಟೆ ಯಾವ್ದು, ಬೀಗದ ಕೈ ಎಲ್ಲಿ, ಯಾರಿಗೆ ಉಪ್ಪು ಕಮ್ಮಿ... ನಮಗೆ ಅದು ತಲೇಲಿರುತ್ತೆ. ಇದಕ್ಕೆ ಇಲ್ಲಿ" ಎಂದರು. ಮನೆಗೆಲ್ಲ ಸೇರಿದ್ದು ಒಂದು ಕಡೆ, ಮನೆಯಲ್ಲಿ ಈಗ ಕೂತವರಿಗೆ ಸೇರಿದ್ದು ಇನ್ನೊಂದು ಕಡೆ ಎಂದು ಎರಡು ದೊಡ್ಡ ಕೊಂಬೆ ತೋರಿಸಿದರು. ಬೇಡವಾದ ಸಾಫ್ಟ್‌ವೇರನ್ನು ಜನ ಸೀದಾ ಫೋಲ್ಡರ್ ಅಳಿಸಿ ಮುಗಿಸುತ್ತಾರಲ್ಲ, ಅದು ಅವರಿಗೆ ಸುತರಾಂ ಆಗುತ್ತಿರಲಿಲ್ಲ. "ಮನೆ ಕೆಡವಿಬಿಟ್ರೆ ಆಯ್ತಾ? ಪೋಸ್ಟ್‌ಮ್ಯಾನ್ ಅದೇ ವಿಳಾಸಕ್ಕೆ ಬರ್ತಾನೇ ಇರ್ತಾನೆ" ಅನ್ನುತ್ತಿದ್ದರು. ಒಂದೇ ಏಟಿಗೆ ಕಂಪ್ಯೂಟರ್ ತೊಳೆದುಕೊಡುತ್ತೇವೆ ಎನ್ನುವ ಪುಕ್ಕಟೆ ಸಾಫ್ಟ್‌ವೇರುಗಳನ್ನು ಕಂಡರೂ ಅಷ್ಟೇ, ಹಾವು ಕಂಡ ಹಾಗೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು.

ಅವತ್ತು ಹೇಳಿದ ಇನ್ನೊಂದು ಮಾತು ಈಗಲೂ ಕಿವಿಯಲ್ಲಿದೆ. "ನೋಡು, ಇಲ್ಲಿ ಸೇವ್ ಬಟನ್ ಇಲ್ಲ. ಮಾಡಿದ್ದು ಮಾಡಿದ ಹಾಗೇ. ವಾಪಸ್ ತಗೋಳೋಕೂ ಇಲ್ಲ. ಅದಕ್ಕೆ ಮುಟ್ಟೋ ಮುಂಚೆ ಒಂದು ಪ್ರತಿ."

ಇದನ್ನು ಅವರು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ, ಮಗ್ಗದಿಂದ ಕಲಿತದ್ದು. ಮಗ್ಗದಲ್ಲಿ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆ, ಮುಗಿಯುತ್ತ ಬಂದಾಗ ಹಳೆಯ ಎಳೆಗಳನ್ನು ಪೂರ್ತಿ ಎಳೆದು ಬಿಸಾಡುವುದಿಲ್ಲ. ಅವುಗಳ ತುದಿಯನ್ನು ಬಾಚಣಿಗೆಯಂಥ ಅಚ್ಚಿನಲ್ಲೇ ಉಳಿಸಿಕೊಂಡು, ಒಂದೊಂದು ಹಳೆಯ ಎಳೆಗೆ ಒಂದೊಂದು ಹೊಸ ಎಳೆಯನ್ನು ಗಂಟು ಹಾಕುತ್ತಾರೆ. ಅಚ್ಚು ಕೆಚ್ಚುವುದು ಎನ್ನುತ್ತಾರೆ ಅದಕ್ಕೆ. ಸಾವಿರಾರು ಗಂಟು. ಮೇಡಂ ಲಂಗ ಹಾಕುವ ವಯಸ್ಸಿನಿಂದ ಆ ಕೆಲಸ ಮಾಡಿದವರು, ಅವರ ಬೆರಳು ನೋಡದೆಯೇ ಗಂಟು ಹಾಕುತ್ತಿದ್ದವು. "ಹಳೇ ಎಳೆ ಕೈ ಬಿಟ್ಟೆಯೋ, ಹೊಸದಕ್ಕೆ ದಾರಿ ಗೊತ್ತಾಗಲ್ಲ" ಎಂದು ಅವರ ಅಜ್ಜಿ ತಲೆಗೆ ಮೊಟಕುತ್ತಿದ್ದರಂತೆ.

ಹಾಗಾಗಿ ಯಾವ ಕಂಪ್ಯೂಟರು ಬರಲಿ, ರಿಪೇರಿ ಏನೇ ಇರಲಿ, ಮೇಡಂ ಮೊದಲು ರಿಜಿಸ್ಟ್ರಿ ತೆರೆದು ಬೇಕಾದ ಕೊಂಬೆಗಳನ್ನು ಎಕ್ಸ್‌ಪೋರ್ಟ್ ಮಾಡಿ, ಆ ಹಸಿರು ಎಳೆಯ ಪೆನ್‌ಡ್ರೈವಿಗೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಮೇಲ್ಗಡೆ ಒಂದು ಸಾಲು ಬರೆಯುತ್ತಿದ್ದರು. ಸಾಲಿನ ಮೊದಲಿಗೆ ಒಂದು ಸೆಮಿಕೋಲನ್. ಆ ಚುಕ್ಕೆ ಬಾಲದ ಗುರುತು ಇದ್ದರೆ ಕಂಪ್ಯೂಟರ್ ಆ ಸಾಲನ್ನು ಓದದೆ ದಾಟಿ ಹೋಗುತ್ತದೆ. "ಉಳಿದಿದ್ದೆಲ್ಲ ಅದಕ್ಕೆ, ಈ ಸಾಲು ಮಾತ್ರ ಮನುಷ್ಯರಿಗೆ" ಅನ್ನುತ್ತಿದ್ದರು. ಅದರಲ್ಲಿ ಏನೇನೋ ಇರುತ್ತಿತ್ತು. ಪ್ರಿಂಟರ್ ಹೋಗಿದೆ, ಯಜಮಾನರಿಗೆ ಕೋಪ ಜಾಸ್ತಿ. ಹುಡುಗಿ ಪರೀಕ್ಷೆಗೆ ಓದ್ತಿದ್ದಾಳೆ, ಬೇಗ ಕೊಡಬೇಕು. ನನಗೆ ನಗು ಬರುತ್ತಿತ್ತು. ಯಾರು ಓದುತ್ತಾರೆ ಮೇಡಂ ಅದನ್ನು ಎಂದು ಕೇಳಿದ್ದೆ. "ಬೇಕಾದಾಗ ಬೇಕಾದವರು" ಎಂದಿದ್ದರು, ಅಷ್ಟೇ.

ಅಲ್ಪನಿಗೆ ಐಶ್ವರ್ಯ ಬಂದ ಗಾದೆ ಗೊತ್ತಲ್ಲ... ನನಗೆ ರಿಜಿಸ್ಟ್ರಿ ಬಂದದ್ದು ಹಾಗೇ. ಆರು ತಿಂಗಳಲ್ಲಿ ನಾನೇ ದೊಡ್ಡ ಪಂಡಿತೆ. ಮೇಡಂ ಯಾವುದೋ ಮದುವೆಗೆಂದು ದೇವನಹಳ್ಳಿಗೆ ಹೋದ ದಿನ ಗ್ರಾಫ್ ತಾತನ ಕಂಪ್ಯೂಟರು ಟೇಬಲ್ ಮೇಲಿತ್ತು. ಸ್ವಲ್ಪ ನಿಧಾನವಾಗಿದೆ ನೋಡಮ್ಮ ಎಂದು ಹಿಂದಿನ ಸಂಜೆ ಬಿಟ್ಟು ಹೋಗಿದ್ದರು. ಮೇಡಂ ಬರುವಷ್ಟರಲ್ಲಿ ಚುರುಕು ಮಾಡಿ ಭೇಷ್ ಅನ್ನಿಸಿಕೊಳ್ಳಬೇಕು ಎಂದು ರಿಜಿಸ್ಟ್ರಿಯಲ್ಲಿ ಕಸ ಹುಡುಕುತ್ತ ಕೂತೆ. ಒಂದು ಕಂಪನಿಯ ಹೆಸರಿನ ಫೋಲ್ಡರು ಕಣ್ಣಿಗೆ ಬಿತ್ತು. ಆ ಕಂಪನಿ ಬಾಗಿಲು ಹಾಕಿಕೊಂಡು ಹೋಗಿ ವರ್ಷವಾಗಿತ್ತು, ಅದು ಊರಿನ ಡಿಸೈನಿನವರಿಗೆಲ್ಲ ಗೊತ್ತಿದ್ದ ಮಾತು. ಕಂಪನಿಯೇ ಇಲ್ಲದ ಮೇಲೆ ಇದೇಕೆ ಇಲ್ಲಿ ಅಂದುಕೊಂಡು ಅಳಿಸಿಬಿಟ್ಟೆ. ಪ್ರತಿ? ತೆಗೆದುಕೊಳ್ಳಲಿಲ್ಲ. ಒಂದು ಫೋಲ್ಡರಿಗೆ ಯಾಕೆ ಅಂದುಕೊಂಡೆ.

ತಾತನ ಡಿಸೈನ್ ಸಾಫ್ಟ್‌ವೇರ್ ಮಾಡಿದ್ದು ಅದೇ ಕಂಪನಿ. ಅದರ ಲೈಸೆನ್ಸು ಇದ್ದದ್ದು ಅದೇ ಫೋಲ್ಡರಿನಲ್ಲಿ. ತೆರೆಯಲು ಹೋದರೆ ಲೈಸೆನ್ಸ್ ನಂಬರ್ ಕೊಡಿ ಎಂದು ಒಂದು ಖಾಲಿ ಚೌಕ ನಿಂತಿತು. ಯಾರನ್ನು ಕೇಳುವುದು? ನವಿಲು, ಮಾವು, ಹಂಸ, ಅವರ ಇಷ್ಟು ವರ್ಷದ ಕೆಲಸ ಎಲ್ಲ ಫೈಲಿನಲ್ಲಿ ಹಾಗೇ ಇವೆ, ಬೇರೆ ಯಾವುದರಲ್ಲೂ ತೆರೆಯುವುದಿಲ್ಲ. ಮಧ್ಯಾಹ್ನ ತಾತ ಬಂದರು. ಪರದೆ ನೋಡಿದರು. ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, "ಆ ಹಾಳೆಗಳನ್ನೂ ಇಟ್ಕೊಳ್ಳಲಿಲ್ಲ ಕಣಮ್ಮಾ ನಾನು... ಕಂಪ್ಯೂಟರ್ ಇದೆಯಲ್ಲ ಅಂತ ಒಲೆಗೆ ಹಾಕ್ಬಿಟ್ಟೆ" ಎಂದರು. ಆ ವಯಸ್ಸಾದ ಕೈ ಇನ್ನೊಮ್ಮೆ ಅಷ್ಟೂ ಬರೆಯಲಾರದು ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಬಚ್ಚಲಿಗೆ ಹೋಗಿ ಅತ್ತೆ.

ಮೇಡಂ ಬಂದದ್ದು ಸಂಜೆ. ಮದುವೆಯ ಸೀರೆಯಲ್ಲೇ, ತಲೆಯಲ್ಲಿ ಮಲ್ಲಿಗೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಕೈಚೀಲದಿಂದ ಪೆನ್‌ಡ್ರೈವ್ ತೆಗೆದು ಸಿಕ್ಕಿಸಿದರು. ತಾತ ಕಂಪ್ಯೂಟರ್ ಬಿಟ್ಟು ಹೋದ ಸಂಜೆಯೇ, ಮೆಟ್ಟಿಲಿಳಿದು ಮನೆಗೆ ಹೋಗುವ ಮುಂಚೆ ಅವರು ಪ್ರತಿ ತೆಗೆದಿಟ್ಟಿದ್ದರು. ಫೈಲಿನ ಮೇಲೆ ಎರಡು ಸಲ ಒತ್ತಿದರು, ಸೇರಿಸಲೇ ಎಂದು ಕಂಪ್ಯೂಟರ್ ಕೇಳಿದ್ದಕ್ಕೆ ಹೂಂ ಅಂದರು, ಮುಗಿಯಿತು. ತಾತನ ನವಿಲು ಪರದೆಯ ಮೇಲೆ ಬಂದು ನಿಂತಾಗ ತಾತ ಕನ್ನಡಕ ತೆಗೆದು ಟವೆಲಿನಲ್ಲಿ ಒರೆಸಿಕೊಳ್ಳುತ್ತಲೇ ಇದ್ದರು.

ತಾತ ಹೋದ ಮೇಲೆ ನಾನು ತಲೆ ತಗ್ಗಿಸಿ ನಿಂತಿದ್ದೆ. ನಾನು ಹೀಗೆ ಮಾಡ್ತೀನಿ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಮೇಡಂ ಎಂದು ಕೇಳಿದೆ. "ನಿನಗೋಸ್ಕರ ತೆಗೆದಿದ್ದಲ್ಲ. ನನಗೋಸ್ಕರ. ನಾನೂ ಒಂದ್ಸಲ ಹೀಗೇ ಅಳಿಸಿದ್ದೆ, ಅವತ್ತು ನನ್ನ ಹಿಂದೆ ಯಾರೂ ಇರಲಿಲ್ಲ" ಎಂದರು. ಆಮೇಲೆ ತಲೆಯ ಮಲ್ಲಿಗೆಯಿಂದ ಒಂದು ತುಂಡು ಕಿತ್ತು ನನ್ನ ಜಡೆಗೆ ಸಿಕ್ಕಿಸಿ, "ಹೋಗು, ಬಸ್ ತಪ್ಪುತ್ತೆ" ಎಂದರು. ಬಸ್ಸಿನ ತುಂಬ ನಾನು ಆ ಹೂವನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ.

ಅಂಥವರನ್ನು ಬಿಟ್ಟು ನಾನು ಬೇರೆ ಅಂಗಡಿ ಇಟ್ಟೆ. ಮದುವೆಯಾಯಿತು, ಗಂಡನ ಮನೆಯವರು ಮುಂದೆ ಬಂದರು, ಬಸ್‌ಸ್ಟ್ಯಾಂಡಿನ ಹತ್ತಿರ ಮಳಿಗೆ ಸಿಕ್ಕಿತು. ಬೇರೆ ಊರಿನಲ್ಲಿ ಇಡಬಹುದಿತ್ತು. ಅವರ ಸೆಂಟರಿನಿಂದ ಎರಡು ಬೀದಿ ಆಚೆ ಇಟ್ಟೆ. ಮೆಟ್ಟಿಲು ಹತ್ತಲಾರದ ಗಿರಾಕಿಗಳು ನನ್ನ ಕಡೆ ಬರುತ್ತಾರೆ ಎಂಬ ಲೆಕ್ಕಾಚಾರ ನನ್ನ ತಲೆಯಲ್ಲಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೇಳಿದಾಗ ಮೇಡಂ, "ಒಳ್ಳೇದಾಗ್ಲಿ ಕಣಮ್ಮಾ" ಎಂದರು. ಅಷ್ಟರಲ್ಲಿ ಕೆಳಗೆ ಮಗ್ಗ ಶುರುವಾಯಿತು. ಅವರು ಇನ್ನೇನಾದರೂ ಹೇಳಿದರೋ ಇಲ್ಲವೋ... ನನಗೆ ಕೇಳಿಸಲಿಲ್ಲ.

ಪೂಜೆಯ ದಿನ ಬಂದಿದ್ದರು. ಜನವೆಲ್ಲ ಹಿಂದುಗಡೆ ಊಟಕ್ಕೆ ಕೂತಾಗ ಅವರು ಒಬ್ಬರೇ ನನ್ನ ಹೊಸ ಕಂಪ್ಯೂಟರಿನ ಮುಂದೆ ಹತ್ತು ನಿಮಿಷ ಕೂತಿದ್ದನ್ನು ದೂರದಿಂದ ನೋಡಿದೆ. ಬಡಿಸುವ ಗಡಿಬಿಡಿಯಲ್ಲಿ ಹತ್ತಿರ ಹೋಗಲಾಗಲಿಲ್ಲ. ಕರೆಯೋಣ ಎಂದು ಬರುವಷ್ಟರಲ್ಲಿ ಕುರ್ಚಿ ಖಾಲಿ. ಎಲೆಯ ಮುಂದೆ ಕೂರದೆ, ಹೇಳದೆ ಹೊರಟುಹೋಗಿದ್ದರು. ಊಟ ಮಾಡದೆ ಹೋದರು ಅಂದರೆ ನಮ್ಮ ಕಡೆ ಅರ್ಥವೇ ಬೇರೆ. ಅತ್ತೆ ಕೂಡ, "ನಿಮ್ಮ ಮೇಡಮ್ಮಂಗೆ ಹೊಟ್ಟೆ ಉರಿ ಬಿಡಮ್ಮಾ" ಎಂದುಬಿಟ್ಟರು. ನಾನು ಅಲ್ಲ ಅನ್ನಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ನಾಚಿಕೆಗೆ ಆ ಬೀದಿಯನ್ನೇ ಬಿಟ್ಟೆ. ಸಂತೆಯಲ್ಲಿ ಎದುರಾದರೆ ಇಬ್ಬರೂ ನಗುತ್ತಿದ್ದೆವು. ಚೆನ್ನಾಗಿದೀಯಾ, ಚೆನ್ನಾಗಿದೀನಿ. "ಕಂಪ್ಯೂಟರ್ ಹೇಗಿದೆ?" ಎಂದು ಪ್ರತಿ ಸಲ ಕೇಳುತ್ತಿದ್ದರು. ಚೆನ್ನಾಗಿದೆ ಮೇಡಂ, ಒಂದು ದಿನವೂ ಕೆಟ್ಟಿಲ್ಲ ಎಂದು ನಾನು ಹೆಮ್ಮೆಯಿಂದ ಹೇಳುತ್ತಿದ್ದೆ. ನನ್ನ ಅಂಗಡಿಯನ್ನು ತೂಗಿ ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ಅವರು ಆಸ್ಪತ್ರೆ ಸೇರಿದ ಸುದ್ದಿ ತಡವಾಗಿ ತಿಳಿಯಿತು. ನಾಳೆ ಹೋಗೋಣ, ನಾಡಿದ್ದು ಹೋಗೋಣ ಅನ್ನುವಷ್ಟರಲ್ಲಿ... ಮಣ್ಣಿಗೆ ಹೋಗಿ ಬಂದೆ, ಅಷ್ಟೇ.

ನಾಲ್ಕನೇ ದಿನ ಅಂಗಡಿ ಖಾಲಿಯಿದ್ದ ಹೊತ್ತು ನೋಡಿ ಪೆನ್‌ಡ್ರೈವ್ ಸಿಕ್ಕಿಸಿದೆ. ನೂರಾರು ಫೈಲು. ಪ್ರತಿಯೊಂದಕ್ಕೂ ಮನೆಯವರ ಗುರುತು ಹಾಕಿ ಹೆಸರಿಟ್ಟಿದ್ದರು. ಗ್ರಾಫ್ ತಾತ ಎಂದೇ ಹನ್ನೊಂದು ಇದ್ದವು. ತಾತನೂ ಈಗಿಲ್ಲ. ಕೊನೆಯ ಸಾಲಿಗೆ ಬಂದರೆ ನನ್ನ ಹೆಸರು. ತಾರೀಕು ನೋಡಿದೆ. ನನ್ನ ಅಂಗಡಿಯ ಪೂಜೆಯ ದಿನ.

ಆ ಹತ್ತು ನಿಮಿಷ ಅವರು ಅಲ್ಲಿ ಕೂತು ಮಾಡಿದ್ದು ಇದು. ಇನ್ನೂ ಯಾರೂ ಏನೂ ಕೆಡಿಸದ, ಹೊಚ್ಚ ಹೊಸ ಕಂಪ್ಯೂಟರಿನ ಪ್ರತಿ ತೆಗೆದುಕೊಂಡಿದ್ದರು. ನೋಟ್‌ಪ್ಯಾಡಿನಲ್ಲಿ ತೆರೆದೆ. ದೊಡ್ಡ ಫೈಲು, ನಿಧಾನವಾಗಿ ತೆರೆಯಿತು. ಮೊದಲ ಸಾಲು ಎಲ್ಲ ಫೈಲಿಗೂ ಇರುವಂಥದ್ದೇ. ಅದರ ಕೆಳಗೆ ಒಂದು ಸೆಮಿಕೋಲನ್, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ:

"ಅಂಗಡಿ ಚೆನ್ನಾಗಿದೆ. ನಿನ್ನ ನೋಡಿ ಅಳು ಬಂತು, ಶುಭದ ದಿನ ಅಳಬಾರ್ದು ಅಂತ ಎದ್ದು ಬಂದೆ, ಊಟಕ್ಕೆ ಬೇಜಾರ್ ಮಾಡ್ಕೋಬೇಡ. ಏನಾದ್ರೂ ಕೆಟ್ರೆ ನೇರ ನನ್ನತ್ರ ತಗೊಂಡ್ ಬಾ."

ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಜೆರಾಕ್ಸಿಗೆ ಬಂದ ಹೆಂಗಸೊಬ್ಬಳು, ಏನಾಯ್ತಕ್ಕಾ ಎಂದು ಕೇಳಿದಳು. ಏನಿಲ್ಲ, ಧೂಳು ಅಂದೆ.

ಆ ಕಂಪ್ಯೂಟರು ಈಗಿಲ್ಲ. ಹಳೆಯದಾಯಿತು ಎಂದು ಹೋದ ವರ್ಷ ಗುಜರಿಗೆ ಕೊಟ್ಟೆ. ಈ ಪ್ರತಿಯನ್ನು ಇನ್ನು ಯಾವುದಕ್ಕೂ ತುಂಬುವ ಹಾಗಿಲ್ಲ. ಇದ್ದಷ್ಟು ವರ್ಷ ಅದನ್ನು ನಾನು ಮೇಡಂ ಹೇಳಿಕೊಟ್ಟ ಹಾಗೇ ನೋಡಿಕೊಂಡೆ. ಸರಿಯಾಗಿ ಆಫ್ ಮಾಡಿದೆ, ಕಂಡದ್ದನ್ನೆಲ್ಲ ಹಾಕಲಿಲ್ಲ, ಮುಟ್ಟುವ ಮುಂಚೆ ಪ್ರತಿ ತೆಗೆದೆ. ಅವರು ಅಷ್ಟು ಚೆನ್ನಾಗಿ ಕಲಿಸಿದ್ದರಿಂದಲೇ ಅದು ಒಂದು ದಿನವೂ ಕೆಡಲಿಲ್ಲ, ನಾನು ಒಂದು ದಿನವೂ ಅವರ ಮೆಟ್ಟಿಲು ಹತ್ತಲಿಲ್ಲ. ಒಂದೇ ಒಂದು ಸಲ ಕೆಟ್ಟಿದ್ದರೆ... ಹೊತ್ತುಕೊಂಡು ಹೋಗುತ್ತಿದ್ದೆ.